ತಮ್ಮ ಹೆಸರಿನಲ್ಲಿ ಹೋರಿ ಬಿಟ್ಟವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮಸ್ಕಿಯ ಒಂದು ಕಿರಾಣಿ ಅಂಗಡಿಯಲ್ಲಿ. ಅಂಗಡಿಯವನು ಬೆಲ್ಲ ತೂಗುತ್ತಾ, "ನಿಮ್ಮ ದನದ ಡಾಕ್ಟರ್ ಸಾಹೇಬ್ರು ಹೋಗಿಬಿಟ್ರಂತಲ್ರೀ, ರಾಯಚೂರಾಗ" ಅಂದ. ನಾನು "ಹೌದಾ" ಅಂದೆ. ಬೆಲ್ಲದ ಜೊತೆ ಸ್ವಲ್ಪ ಪುಟಾಣಿ ಕಟ್ಟು ಅಂದೆ. ಮನೆಗೆ ಬಂದು ಉಂಡು ಎಂದಿನಂತೆ ಒರಗಿದೆ, ನಿದ್ದೆಯೂ ಬಂತು. ಸಂಜೆ ಹೆಂಡತಿಗೆ ಹೇಳಿದಾಗ ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಷ್ಟು ವರ್ಷ ಅವರ ಬೆನ್ನ ಹತ್ತಿ ತಿರುಗ್ಯಾಡೀರಿ. ಕಣ್ಣಾಗ ಒಂದು ಹನಿ ನೀರಿಲ್ಲಲ್ರೀ ನಿಮಗ!" ಅಂದಳು. ಇರಲಿಲ್ಲ, ನಿಜ. ಅವರ ಸಾವು ನನಗೆ ಹಳೆಯ ಸುದ್ದಿ. ಅವರಿನ್ನೂ ಬದುಕಿದ್ದಾಗಲೇ ಅವರ ದಿನಕರ್ಮ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆ ಸಂಗತಿಯನ್ನು ಹೇಳಿಬಿಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಿಜಾಮರ ಆಳಿಕೆಯ ಕಾಲ. ಲಿಂಗಸುಗೂರಿನ ಮವೇಶಿ ದವಾಖಾನೆಯಲ್ಲಿ ಅವರು ಡಾಕ್ಟರ್, ನಾನು ಕಂಪೌಂಡರ್. ಲಿಂಗಸುಗೂರು, ಮಸ್ಕಿ, ಸಿಂಧನೂರು, ಇಷ್ಟೂ ಸೀಮೆಯ ದನಕರುಗಳಿಗೆ ನಾವಿಬ್ಬರೇ ಗತಿ. ಊರೂರು ದೌರಾ ಹೊರಟರೆ ಅವರು ಒಂದು ಮುದಿ ಕುದುರೆಯ ಮೇಲೆ, ನಾನು ಔಷಧದ ಪೆಟ್ಟಿಗೆ ಹೊತ್ತ ಕತ್ತೆಯ ಹಿಂದೆ. ಬಿಸಿಲು ಏರಿದರೆ ಅವರು ಕುದುರೆಗೆ ಆಯಾಸವಾದೀತೆಂದು ಇಳಿದು ನಡೆಯುತ್ತಿದ್ದರು. ನನಗೆ ಆಯಾಸವಾದೀತೆಂದು ಅವರಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ.

ಅವರು ಸಿಂಧನೂರಿನ ಜವಳಿ ವ್ಯಾಪಾರಿಯ ಮಗ. ಮಗ ಮದ್ರಾಸಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದರಂತೆ. ಮಗ ಬಂದ ಮೇಲೆ ಗೊತ್ತಾಯಿತು, ದನದ ಡಾಕ್ಟರ್ ಅಂತ. "ಸಗಣಿ ಬಳಿಯಾಕ ಮದ್ರಾಸಿಗೆ ಯಾಕ ಹೋಗಬೇಕಿತ್ತಲೇ? ಮುಕ್ಕುಂದದಾಗ ನಮ್ಮವೇ ಎಮ್ಮಿ ಇದ್ದುವಲ್ಲ!" ಅಂದರಂತೆ. ಇದನ್ನು ಡಾಕ್ಟರೇ ನನಗೆ ಹೇಳಿ ನಗುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಮದುವೆ ಆಗಲಿಲ್ಲ. ಯಾರಾದರೂ ಹೆಣ್ಣು ತಂದರೆ ಎರಡೂ ಕೈ ಮೂಗಿನ ಹತ್ತಿರ ಒಯ್ದು, "ಈ ವಾಸನಿ ಯಾವ ಹೆಣ್ಣುಮಗಳು ತಾಳ್ತಾಳ ಹೇಳ್ರಿ" ಅನ್ನುತ್ತಿದ್ದರು.

ಅವರದೊಂದು ವಿಚಿತ್ರವಿತ್ತು. ದನಗಳಿಗೆ ಬಹುವಚನ, ಮನುಷ್ಯರಿಗೆ ಏಕವಚನ. ಈಯಲಾರದೆ ಒದ್ದಾಡುವ ಎಮ್ಮೆಯ ಮುಂದೆ ಕೂತು, "ಸ್ವಲ್ಪ ಕಾಲು ಸರಿಸ್ರೀ ಅವ್ವಾರ, ಆತು, ಆತು, ಮುಗೀತು" ಅನ್ನುವರು. ಅದೇ ಉಸಿರಿನಲ್ಲಿ ಪಕ್ಕಕ್ಕೆ ತಿರುಗಿ, "ಲೇ, ದೀಪದ ಕಂಬದಂಗ ನಿಂತೀಯಲ್ಲ, ಬಿಸಿನೀರು ತಾ" ಅನ್ನುವರು. ಒಮ್ಮೆ ಹೀಗೆ ಗದರಿಸಿಕೊಂಡವನು ತಹಸೀಲ್ದಾರರ ಭಾವಮೈದುನನಾಗಿದ್ದ. ಅವನು ಬಿಸಿನೀರು ತಂದ. ಆಮೇಲೆ ದೂರನ್ನೂ ಕೊಟ್ಟ. ತಹಸೀಲ್ದಾರರು ಕರೆಸಿ ಕೇಳಿದರೆ ಇವರು, "ಹುಜೂರ್, ಎಮ್ಮಿ ಬದುಕೇತಿ" ಅಂದರಂತೆ. ಅವರಿಗೆ ಬೇರೆ ಉತ್ತರ ತಿಳಿಯುತ್ತಿರಲಿಲ್ಲ.

ಯಾವ ಹಟ್ಟಿಗೆ ಹೋದರೂ ಮೊದಲು ದನದ ಬಾಯಿ ತೆರೆದು ನೋಡುವರು. ತುಟಿ ಮಡಚಿ, ವಸಡಿನ ಮೇಲೆ ಬೆರಳಾಡಿಸಿ, ಆಮೇಲೆ ಬೇರೆ ಮಾತು. ಆ ಬೆರಳುಗಳನ್ನು ಬೇವಿನ ಎಲೆಯಲ್ಲಿ ತಿಕ್ಕಿ ತೊಳೆದು ಊಟಕ್ಕೆ ಕೂಡುತ್ತಿದ್ದರು. ಊಟ ಅಂದರೆ ಅವರಿಗೆ ಗುರುಗುಂಟಾದ ಗೌಡಸಾನಿಯ ಮನೆಯ ಊಟವೇ ಊಟ. ಗೌಡರು ತೀರಿಕೊಂಡ ಮೇಲೆ ಹೊಲ, ದನ, ಮೂವರು ಗಂಡುಮಕ್ಕಳನ್ನು ಒಬ್ಬರೇ ಆಳುತ್ತಿದ್ದ ಹೆಣ್ಣುಮಗಳು ಅವರು. ಹಣೆಯ ತುಂಬಾ ವಿಭೂತಿ, ಗಟ್ಟಿ ಧ್ವನಿ. ಡಾಕ್ಟರ್ ಬಂದರೆ ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಬೆಣ್ಣೆ. "ಮದುವಿ ಇಲ್ಲ ಮಕ್ಕಳಿಲ್ಲ, ಯಾವಾಕಿ ರೊಟ್ಟಿ ಬಡಿತಾಳಪ ನಿನಗ? ಇನ್ನೊಂದು ಹಾಕ್ಕೋ" ಅನ್ನುವರು. ಸೀಮೆಯಲ್ಲಿ ಎಲ್ಲಿದ್ದರೂ ವಾರಕ್ಕೊಮ್ಮೆ ಡಾಕ್ಟರಿಗೆ ಗುರುಗುಂಟಾದ ದಾರಿಯೇ ಹತ್ತಿರವಾಗಿಬಿಡುತ್ತಿತ್ತು. ಅದು ಹತ್ತಿರವಲ್ಲ ಅಂತ ನನ್ನ ಕಾಲುಗಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಸುಮಾರಿಗೆ ಸರ್ಕಾರದಿಂದ ಒಂದು ಹೋರಿ ಬಂತು. ಸಿಪಾಯಿಗಳ ಪಲ್ಟಣದ ಹಾಲಿನ ಫಾರಂನಲ್ಲಿ ಹುಟ್ಟಿದ್ದು, ವಿಲಾಯತಿ ರಕ್ತ ಬೆರೆತದ್ದು. ಕಪ್ಪು ಬಿಳುಪು ಬಣ್ಣ, ಡುಬ್ಬವೇ ಇಲ್ಲದ ಬೆನ್ನು. ರಾಯಚೂರಿನಿಂದ ಅದನ್ನು ನಡೆಸಿಕೊಂಡು ಬರುವಾಗ ಇವರು ತಮ್ಮ ಛತ್ರಿಯನ್ನು ಅದರ ತಲೆಯ ಮೇಲೆ ಹಿಡಿದಿದ್ದರು. ನೋಡಿದ ಮಂದಿ ಬಿದ್ದು ಬಿದ್ದು ನಕ್ಕರು. ಹೋರಿಗೆ "ತಾಲೂಕದಾರ" ಅಂತ ಹೆಸರಿಟ್ಟರು, ಜಿಲ್ಲೆಯ ಸಾಹೇಬನ ಹಾಗೆ ಮೆಲ್ಲಗೆ ನಡೆಯುತ್ತದೆಂದು. ಅದನ್ನು ಮೊದಲು ಕಟ್ಟಿದ್ದು ಗೌಡಸಾನಿಯ ಹಟ್ಟಿಯಲ್ಲಿ. ಆಮೇಲೆ ಮಸ್ಕಿಯಲ್ಲಿ, ಆಮೇಲೆ ಸಿಂಧನೂರಿನಲ್ಲಿ.

ಹೋರಿಯ ಜೊತೆಗೆ ಒಂದು ಹುಕುಂ ಕೂಡ ಬಂದಿತ್ತು. ಸರ್ಕಾರಿ ಹೋರಿ ಇರುವ ಊರುಗಳಲ್ಲಿ ಬೇರೆ ಹೋರಿಗಳು ಇರಕೂಡದು, ಎಲ್ಲವುಗಳ ಬೀಜ ಒಡೆದು ಎತ್ತು ಮಾಡಬೇಕು. ದೇವರಿಗೆ ಬಿಟ್ಟ ಹೋರಿಗಳಿಗೆ ಮಾತ್ರ ಮಾಫಿ. ನಮ್ಮವರು ಕಲ್ಲಿನಿಂದ ಜಜ್ಜಿ ಬೀಜ ಒಡೆಯುತ್ತಿದ್ದರು, ದನ ಕೂಗುವುದನ್ನು ಕೇಳಲಾಗುತ್ತಿರಲಿಲ್ಲ. ಇವರ ಹತ್ತಿರ ರಕ್ತ ಬಾರದ ಹಾಗೆ ಹಿಸುಕುವ ದೊಡ್ಡ ಇಕ್ಕಳ ಇತ್ತು. ಮಂದಿ ತಾವಾಗಿಯೇ ಹಿಡಿದುಕೊಂಡು ಬಂದರು. ಸಂತೆಕಲ್ಲೂರಿನಲ್ಲಿ ಒಂದು ದಿನ ಎಷ್ಟು ಹೋರಿಗಳೆಂದರೆ ಇಕ್ಕಳ ಒತ್ತಿ ಒತ್ತಿ ನನ್ನ ತೋಳು ಬಾತುಕೊಂಡಿತು. ಇವರಿಗೆ ಮಾತ್ರ ಹಬ್ಬ. "ಇನ್ನ ಐದಾರು ವರ್ಷ ನಿಲ್ಲೋ. ಈ ಸೀಮಿಯಾಗ ಕೂಸುಗಳು ಹಾಲು ಬ್ಯಾಡಂತ ಅಳಬೇಕು, ನೋಡೀವಂತ" ಅನ್ನುವರು.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಗುರುಗುಂಟಾದ ಕೆಲವು ಮನೆತನಗಳಲ್ಲಿ ಯಾರಾದರೂ ಸತ್ತರೆ ಅವರ ದಿನ ಮಾಡುವಾಗ, ಸತ್ತವರ ಹೆಸರಿನಲ್ಲಿ ಒಂದು ಹೋರಿಯನ್ನು ದೇವರಿಗೆ ಬಿಡುತ್ತಾರೆ. ತೊಡೆಯ ಮೇಲೆ ಮುದ್ರೆ ಒತ್ತಿ ಹಗ್ಗ ಬಿಚ್ಚಿದರೆ ಮುಗಿಯಿತು. ಅದು ಯಾರ ಹೊಲದಲ್ಲಿ ಮೇದರೂ ಯಾರೂ ಕೇಳುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಬೀಜ ಒಡೆಯುವ ಹಾಗಿಲ್ಲ. ಸಾವು ಹಸಿಯಾಗಿರುವಾಗಲೇ ಬಿಡಬೇಕು, ಹಳೆಯ ಸಾವಿಗೆ ನಡೆಯುವುದಿಲ್ಲ. ಒಬ್ಬರ ಹೆಸರಿನಲ್ಲಿ ಒಂದೇ ಹೋರಿ. ಗೌಡರ ಹೆಸರಿನಲ್ಲಿ ಬಿಟ್ಟ ಹೋರಿಯೊಂದು ಊರಿನಲ್ಲಿತ್ತು. ಕೆಂಪು ಬಣ್ಣ, ಮೊಂಡು ಕೋಡು, ಬೆನ್ನ ಮೇಲೆ ಕೆಟ್ಟ ಸುಳಿ. ನೋಡಲು ದರಿದ್ರವಾಗಿತ್ತು. ಸುತ್ತಲಿನ ಅರ್ಧ ಕರುಗಳು ಅದರವೇ. ತಾಲೂಕದಾರನ ಮೇಲೆ ಅದು ಎರಗಿ ಎರಗಿ ಹೋಗುತ್ತಿತ್ತು.

ಇವರು ಗೌಡಸಾನಿಯನ್ನು ಒಪ್ಪಿಸಲು ಕೂತರು. ಒಂದು ದಿನದ ಮಾತಲ್ಲ, ಊಟಕ್ಕೆ ಹೋದಾಗಲೆಲ್ಲ ಅದೇ. "ಅವ್ವಾರ, ಗೌಡ್ರು ಇದ್ದಿದ್ರ ಊರಿಗೆ ಒಳ್ಳೇದು ಆಗೋದಕ್ಕ ಬ್ಯಾಡ ಅಂತಿದ್ರೇನು? ಇದು ಇರೋತನಕ ಒಳ್ಳೆ ಕರು ಹುಟ್ಟಂಗಿಲ್ಲ. ಹೋರಿ ಎಲ್ಲೂ ಹೋಗಂಗಿಲ್ಲ, ಊರಾಗೇ ಮೇಕೋತ ಇರ್ತದ." ಗೌಡಸಾನಿ ಬಹಳ ದಿನ ತಲೆ ಅಲ್ಲಾಡಿಸಿದರು. ಕೊನೆಗೊಂದು ದಿನ ರೊಟ್ಟಿ ಬಡಿಯುತ್ತಾ, ಮುಖ ಎತ್ತದೆ, "ನೀ ಹೇಳಾಕತ್ತೀಯಂತ ಹೂಂ ಅಂತೀನಿ. ಬ್ಯಾರೆ ಯಾರರ ಕೇಳಿದ್ರ ಕೊಳ್ಳಿ ತಗೊಂಡು ಓಡಿಸ್ತಿದ್ದೆ" ಅಂದರು. ಊರಿನವರು ಯಾರೂ ಹಗ್ಗ ಹಿಡಿಯಲು ಬರಲಿಲ್ಲ. ಹಿಡಿದವನು ನಾನು, ಇಕ್ಕಳ ಒತ್ತಿದವರು ಅವರು.

ಮುಂದಿನ ಕೆಲವು ವರ್ಷ ಎಲ್ಲ ಹಟ್ಟಿಗಳಲ್ಲಿ ಕಪ್ಪು ಬಿಳುಪಿನ ಕರುಗಳು. ಪೆದ್ದು ಮುಖ, ಉದ್ದ ರೆಪ್ಪೆ, ಮುದ್ದಾಗಿದ್ದವು. ನಮ್ಮ ಮನೆಯ ಆಕಳೂ ಒಂದು ಹೆಣ್ಣುಗರು ಹಾಕಿತು. ಅದು ಬೆಳೆದು ಚೊಚ್ಚಲ ಈಯ್ದಾಗ ಹೆಂಡತಿ ದೊಡ್ಡ ತಂಬಿಗೆ ಹಿಡಿದು ಓಣಿಯಲ್ಲಿ ಮೆರೆದಳು. ಇಷ್ಟು ಹಾಲನ್ನು ನಾವು ಒಂದೇ ಆಕಳಲ್ಲಿ ಕಂಡಿರಲಿಲ್ಲ. ಡಾಕ್ಟರಿಗೆ ಗಿಣ್ಣು ಮಾಡಿ ಕಳಿಸಿದಳು.

ಅಷ್ಟರಲ್ಲಿ ದೊಡ್ಡಬ್ಯಾನಿ ಬಂತು. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. ದನದ ಕಣ್ಣಿನಿಂದ ನೀರು ಸುರಿಯತೊಡಗುತ್ತದೆ, ಬಾಯೊಳಗೆ ತೌಡು ಅಂಟಿಸಿದ ಹಾಗೆ ಹುಣ್ಣೇಳುತ್ತದೆ, ಹೊಟ್ಟೆ ಕಿತ್ತುಕೊಂಡು ಹೋಗುತ್ತದೆ. ವಾರದೊಳಗೆ ದನ ಮಣ್ಣು. "ಇದು ಕಣ್ಣಿಗೆ ಕಾಣೋ ಹುಳಾ ಅಲ್ಲೋ. ಪಿಂಗಾಣಿ ಒಳಗ ಸೋಸಿದ್ರೂ ಪಾರಾಗಿ ಹೋಗ್ತದ" ಅಂತ ಇವರು ನನಗೆ ಹೇಳಿದ್ದರು. ಹೈದರಾಬಾದಿಗೆ ತಾರು ಕೊಟ್ಟೆವು. ಸೀರಂ ಬಂದದ್ದು ತಡವಾಗಿ, ಅದೂ ಯಾವ ಮೂಲೆಗೂ ಸಾಲಲಿಲ್ಲ.

ಮೊದಲು ಹೋದದ್ದು ತಾಲೂಕದಾರ, ಸಿಂಧನೂರಿನಲ್ಲಿ. ಅದರ ಹಿಂದೆ ಅದರ ಮಕ್ಕಳು. ಕಪ್ಪು ಬಿಳುಪಿನವು ಮುಂದೆ ಮುಂದೆ, ಹುಡುಕಿ ಆರಿಸಿಕೊಂಡು ಹೋದ ಹಾಗೆ ಹೋದವು. ನಮ್ಮ ಮನೆಯದೂ ಹೋಯಿತು. ಹೆಂಡತಿ ಅದರ ಕೊರಳು ತಬ್ಬಿಕೊಂಡು ಕೂತಿದ್ದಳು. ಬಿಡಿಸಲು ಹೋದ ಡಾಕ್ಟರಿಗೆ, "ಮುಟ್ಟಬ್ಯಾಡ್ರಿ. ನೀವು ಮುಟ್ಟಿದ್ದು ಸಾಕು" ಅಂದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನನಗೆ ಅವಳ ಮೇಲೂ ಸಿಟ್ಟು ಬರಲಿಲ್ಲ, ಅವರ ಮೇಲೂ ಕನಿಕರ ಹುಟ್ಟಲಿಲ್ಲ. ಹಗಲೆಲ್ಲ ಗುಂಡಿ ತೋಡಿಸಿ ಸುಣ್ಣ ಸುರಿಸಿ ಬರುತ್ತಿದ್ದೆವು. ಕೆಲವು ದಿನಗಳ ಮೇಲೆ ಮೂಗಿಗೆ ವಾಸನೆ ಹತ್ತುವುದು ನಿಂತಿತು. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಉಪ್ಪಿಲ್ಲ ಅಂತ ಹೆಂಡತಿ ಹೇಳಿದರೆ ಹೌದೇ ಅಂತ ಕೇಳುತ್ತಿದ್ದೆ.

ಗುರುಗುಂಟಾದಲ್ಲಿ ಗೌಡಸಾನಿಯ ಹಟ್ಟಿ ಖಾಲಿಯಾಗುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಅಲ್ಲಿ ಒಂದೇ ಗೂಟಕ್ಕೆ ಕಟ್ಟಿದ ಎರಡು ದನಗಳನ್ನು ಕಂಡೆವು. ತಾಲೂಕದಾರನ ಮಗಳು ಸತ್ತು ಬಿದ್ದಿತ್ತು. ಅದರ ಹೊಟ್ಟೆಗೆ ಬೆನ್ನು ತಾಗಿಸಿಕೊಂಡು ಒಂದು ಕೆಂಪು ಎಳೆಹೋರಿ ಮಲಗಿ ಮೆಲುಕು ಹಾಕುತ್ತಿತ್ತು. ದೇವರ ಹೋರಿಯ ಬೀಜ ಒಡೆಯುವ ಮುಂಚೆ ನಿಂತ ಕೊನೆಯ ಬಸಿರಿನದು, ಇಕ್ಕಳ ಇನ್ನೂ ಮುಟ್ಟಿರಲಿಲ್ಲ. ಮೊಂಡು ಕೋಡು, ಬೆನ್ನ ಮೇಲೆ ಅದೇ ಕೆಟ್ಟ ಸುಳಿ. ಡಾಕ್ಟರು ಅದರ ತುಟಿ ಮಡಚಿ ನೋಡಿದರು. ಒಂದು ಹುಣ್ಣೂ ಇರಲಿಲ್ಲ. ಊರೆಲ್ಲ ಸುತ್ತಿದೆವು. ಆ ಹಳೆಯ ಹೋರಿಗೆ ಹುಟ್ಟಿದವು ಕೆಲವು ಜಡ್ಡು ಬಿದ್ದು ಎದ್ದಿದ್ದವು, ಕೆಲವು ಜಡ್ಡೇ ಬಿದ್ದಿರಲಿಲ್ಲ. ಇವರು ದನಗಳಿಗೆ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಒಂದೇ ಗ್ವಾದಲಿ" ಅಂದರು. "ಒಂದೇ ನೀರು, ಒಂದೇ ಕಣಕಿ. ಅದರ ಉಸಿರು ಇದಕ್ಕ ತಾಗೇತಿ, ಇದರ ಎಂಜಲ ಅದಕ್ಕ. ಅದು ಸತ್ತದ, ಇದು ಮೆಲುಕು ಹಾಕಾಕತ್ತದ."

"ದೈವ ಅದರದು" ಅಂದೆ.

"ದೈವ ಅಲ್ಲಲೇ, ರಕ್ತ. ಇವುಗಳ ಅಜ್ಜ ಮುತ್ತಜ್ಜಾರು ಎಷ್ಟು ಸಲ ಈ ಬ್ಯಾನಿ ಕಂಡಾರೋ. ತಾಳಲಾರದವು ಸತ್ತು ಹೋದುವು, ತಾಳಿದವು ಕರು ಹಾಕಿದುವು. ಆ ತಾಕತ್ತು ತಾಯಿಯಿಂದ, ತಂದಿಯಿಂದ ರಕ್ತದಾಗ ಇಳಕೋತ ಬಂದದ. ತಾಲೂಕದಾರನ ಮಂದಿ ಈ ಬ್ಯಾನಿ ಕಂಡು ಎಷ್ಟೋ ತಲಿಮಾರು ಆಗ್ಯಾವ. ಅವನ ರಕ್ತದಾಗ ಹಾಲು ಅದ, ಇದು ಇಲ್ಲ." ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು, "ಇಕ್ಕಳ ಹಿಡದು ಅದನ್ನೇ ಒಡಕೋತ ಬಂದೆವಲ್ಲೋ ಊರೂರಿಗೆ" ಅಂದರು.

ಈಗ ಅದನ್ನು ವಂಶವಾಹಿ ಅನ್ನುತ್ತಾರೆ, ಪುಸ್ತಕಗಳಲ್ಲಿ ಚಿತ್ರ ಸಮೇತ ಇದೆ. ಆವತ್ತು ಅವರ ಹತ್ತಿರ ರಕ್ತ ಅನ್ನುವ ಒಂದು ಮಾತು ಬಿಟ್ಟರೆ ಏನೂ ಇರಲಿಲ್ಲ. ಊರಿನವರ ಹತ್ತಿರ ಬೇರೆ ಮಾತಿತ್ತು. ದೇವರ ಹೋರಿಯನ್ನು ಮುಟ್ಟಿದ್ದಕ್ಕೆ ದೇವರು ಮುನಿದ ಅಂದರು. ಇವರು ಬಂದರೆ ಬಾಗಿಲು ಹಾಕಿಕೊಳ್ಳತೊಡಗಿದರು. ಗೌಡಸಾನಿ ಮಾತ್ರ ಹಾಕಿಕೊಳ್ಳಲಿಲ್ಲ. ರೊಟ್ಟಿ ಬಡಿದರು, ನೀಡಿದರು, ಮಾತಾಡಲಿಲ್ಲ. ಇವರೂ ತಲೆ ತಗ್ಗಿಸಿ ಉಂಡರು.

ಆ ದಿನದಿಂದ ಅವರು ಬೇರೆಯೇ ಮನುಷ್ಯರಾದರು. ಅಳಲಿಲ್ಲ, ಬೈಯಲಿಲ್ಲ. ದನಗಳಿಗೆ ರೀ ಅನ್ನುವುದನ್ನೂ ಬಿಟ್ಟರು. ಕೇಳಿದ್ದಕ್ಕೆ ಉತ್ತರ ಕೊಡುವರು, ಕೊಟ್ಟದ್ದನ್ನು ತಿನ್ನುವರು. ಎದುರಿಗೆ ಕೂತಿದ್ದರೂ ಅವರು ಅಲ್ಲಿ ಇರುತ್ತಿರಲಿಲ್ಲ. ನಾನೂ ಹೆಚ್ಚುಕಮ್ಮಿ ಹಾಗೇ ಆಗಿದ್ದೆ. ಅವರಿಗೆ ಉಳಿದದ್ದು ಒಂದೇ ಆಸೆ. ಆ ಕೆಂಪು ಹೋರಿ ಬೀಜ ಸಮೇತ ಉಳಿಯಬೇಕು, ಹಗ್ಗವಿಲ್ಲದೆ ತಿರುಗಬೇಕು, ಊರೂರಿನ ಆಕಳುಗಳಿಗೆ ಅದರ ಕರು ಹುಟ್ಟಬೇಕು.

ಅದು ಆಗುವ ಹಾಗಿರಲಿಲ್ಲ. ಉಳಲು ಎತ್ತುಗಳೇ ಉಳಿದಿರಲಿಲ್ಲ, ಬಿತ್ತನೆ ಮುಂದೆ ಬಂದಿತ್ತು. ಗೌಡಸಾನಿಯ ಹಿರಿಯ ಮಗ ಅದರ ಬೀಜ ಒಡೆಸಿ ನೊಗಕ್ಕೆ ಹೂಡಲು ಆಳಿಗೆ ಹೇಳಿ ಕಳಿಸಿದ್ದ. ಇವರೇ ಕೊಂಡುಕೊಳ್ಳೋಣವೆಂದರೆ ಹುಕುಂ ಅಡ್ಡ ಇತ್ತು. ಸರ್ಕಾರ ಇನ್ನೊಂದು ವಿಲಾಯತಿ ಹೋರಿ ಕಳಿಸುವುದಾಗಿ ಬರೆದಿತ್ತು. ಡಾಕ್ಟರೇ ನಾಡಹೋರಿ ಸಾಕಿದ್ದಾನೆಂದು ಗೊತ್ತಾದರೆ ಮೇಲಿನವರು ನಿಂತು ಬೀಜ ಒಡೆಸುತ್ತಿದ್ದರು. ಉಳಿಯುವುದಾದರೆ ಅದು ದೇವರ ಹೋರಿಯಾಗಿಯೇ ಉಳಿಯಬೇಕು. ಅದಕ್ಕೆ ಹಸಿ ಸಾವು ಬೇಕು. ಅಷ್ಟು ದನ ಸತ್ತಿದ್ದವು, ಆ ಮನೆತನಗಳಲ್ಲಿ ಮನುಷ್ಯರು ಯಾರೂ ಸತ್ತಿರಲಿಲ್ಲ.

ಒಂದು ಮುಂಜಾನೆ ಗೌಡಸಾನಿಯ ಪಡಸಾಲೆಯಲ್ಲಿ ಕೂತು ಇವರು, "ಅವ್ವಾರ, ನನ್ನ ಹೆಸರಲೆ ಬಿಡ್ರಿ" ಅಂದರು.

ಹಿರಿಯ ಮಗ ನಕ್ಕ. ಗೌಡಸಾನಿ ನಗಲಿಲ್ಲ. "ನೀ ಬದುಕೀಯಲ್ಲೋ" ಅಂದರು.

"ಸತ್ತೀನಂತ ತಿಳೀರಿ."

"ತಿಳಿಯೋದಂದ್ರ ಹ್ಯಾಂಗಪ? ದೇವರ ಮುಂದ ನಾಟಕ ನಡಿಯಂಗಿಲ್ಲ."

"ನಾಟಕ ಅಲ್ರೀ. ನನ್ನೊಳಗ ಏನೂ ಉಳಿದಿಲ್ಲ. ಇವನ್ನ ಕೇಳ್ರಿ ಬೇಕಾದ್ರ" ಅಂತ ನನ್ನ ಕಡೆ ಕೈ ಮಾಡಿದರು. ನಾನು ನೆಲ ನೋಡಿದೆ.

ಗೌಡಸಾನಿ ಎದ್ದು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಬಂದವರು ಹೊಸ್ತಿಲಲ್ಲೇ ನಿಂತು ಹೇಳಿದರು: "ಬಿಡ್ತೀನಿ. ಆದ್ರ ಒಂದು ಮಾತು. ಸತ್ತಾನಂತ ಹೇಳಿ ಹಗ್ಗ ಬಿಚ್ಚಿದ ಮ್ಯಾಲೆ ಸತ್ತಂಗ ಇರಬೇಕು. ಈ ಊರ ಸೀಮಿಯೊಳಗ ನೀ ಕಾಲಿಡಂಗಿಲ್ಲ. ನಾ ನಿನ್ನ ಜೋಡಿ ಮಾತಾಡಂಗಿಲ್ಲ. ನಾಳೆ ನೀ ನಕ್ಕೋತ ಓಣ್ಯಾಗ ಬಂದ್ರ ಮಂದಿ ಏನಂತಾರ? ಇದು ಸುಳ್ಳು ಹೋರಿ ಅಂತಾರ. ಹಿಡದು ಕಟ್ಟಿ ಬೀಜ ಒಡಿತಾರ. ಆವಾಗ ನಾನೂ ಬ್ಯಾಡ ಅನ್ನಂಗಿಲ್ಲ."

"ಆತ್ರೀ" ಅಂದರು ಇವರು.

"ನನ್ನ ರೊಟ್ಟಿನೂ ಇಲ್ಲ ನಿನಗ."

"ಆತ್ರೀ ಅವ್ವಾರ."

ಮಗ ಏನೋ ಹೇಳಲು ಬಾಯಿ ತೆರೆದ. ಗೌಡಸಾನಿ ಅವನ ಕಡೆ ನೋಡಿದರು, ಅವನು ಬಾಯಿ ಮುಚ್ಚಿದ.

ಬಿಡುವ ದಿನ ಬೆಳಿಗ್ಗೆ ಇವರು ಆ ಮನೆಯಲ್ಲಿ ಉಂಡರು. ರೊಟ್ಟಿಯ ಮೇಲೆ ಎಂದಿನಂತೆ ಬೆಣ್ಣೆ ಇತ್ತು. ಇನ್ನೊಂದು ಹಾಕ್ಕೋ ಅಂತ ಗೌಡಸಾನಿ ಅನ್ನಲಿಲ್ಲ, ಕೇಳದೆಯೇ ಹಾಕಿದರು. ಇವರು ಕೈ ತೊಳೆದು ಹೋರಿಯ ಹತ್ತಿರ ಹೋಗಿ ಅದರ ಸುಳಿಯ ಮೇಲೆ ಅಂಗೈ ಇಟ್ಟರು. ಆಮೇಲೆ ಹೊರಟು ನಡೆದೇ ಹೋದರು. ಕುದುರೆಯನ್ನು ಹಿಂದಿನಿಂದ ಹೊಡೆದುಕೊಂಡು ಬಾ ಅಂದಿದ್ದರು. ಸತ್ತವರು ಕುದುರೆ ಏರಿ ಹೋಗಬಾರದೆಂದು ಯಾರಾದರೂ ಹೇಳಿದ್ದರೋ, ಅವರಿಗೇ ಅನ್ನಿಸಿತೋ, ನಾನು ಕೇಳಲಿಲ್ಲ.

ಗುಡಿಯ ಮುಂದೆ ಊರು ಸೇರಿತ್ತು. ಸತ್ತವರ ಕಡೆಯಿಂದ ಯಾರು ನಿಲ್ಲುತ್ತೀರಿ ಅಂತ ಪೂಜಾರಿ ಕೇಳಿದ. ರಕ್ತಸಂಬಂಧಿಕರು ನಿಂತು ನೀರು ಬಿಡಬೇಕು. ಯಾರೂ ಮುಂದೆ ಬರಲಿಲ್ಲ. ನಾನು ಒಂದು ಹೆಜ್ಜೆ ಇಟ್ಟೆ, ಅಷ್ಟರಲ್ಲಿ ಗೌಡಸಾನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು, "ನಾ ನಿಲ್ತೀನಿ. ಅವ್ವಂತ ಬರಕೋ" ಅಂದರು. ಬರೆದುಕೊಳ್ಳುವುದೇನೂ ಇರಲಿಲ್ಲ, ಅದು ಅವರ ಮಾತಿನ ರೀತಿ. ಮುದ್ರೆ ಒತ್ತಿದರು. ಹೋರಿ ಕಾಲು ಝಾಡಿಸಿತು. ಗೌಡಸಾನಿ ನೀರು ಬಿಟ್ಟು, ಡಾಕ್ಟರ ಹೆಸರನ್ನು ಅಪ್ಪನ ಹೆಸರು ಮನೆತನದ ಹೆಸರಿನ ಜೊತೆ ಪೂರ್ತಿಯಾಗಿ ಕೂಗಿ, "ಇವರ ಹೆಸರಲೆ ಬಿಟ್ಟೀವಿ. ಇನ್ನ ಇದಕ್ಕ ಹಗ್ಗಿಲ್ಲ" ಅಂದರು. ಅಷ್ಟು ವರ್ಷ ಜೊತೆಗಿದ್ದ ನಾನು ಅವರ ಹೆಸರನ್ನು ಅಷ್ಟು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಹೋರಿಯದಾಗಿ ಹೋಗಿದೆ.

ಗೌಡಸಾನಿ ಹಿಂದಿರುಗಿ ನೋಡದೆ ಮನೆಗೆ ಹೋದರು. ಮನೆಯೊಳಗಿನಿಂದ ಒಂದು ಕೂಗು ಕೇಳಿತು, ನಿಜವಾದ ಸಾವಿಗೆ ಕೂಗುವಂಥದ್ದು. ಊರಿನ ನಾಲ್ಕು ಹೆಂಗಸರು ಅತ್ತ ಓಡಿದರು. ನನ್ನ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಕುದುರೆ ಬಿಚ್ಚಿಕೊಂಡು ಹೊರಟೆ. ಸೀಮೆಯ ಕಲ್ಲಿನ ಆಚೆ ಇವರು ಒಂದು ಜಾಲಿಮರದ ಕೆಳಗೆ ಕೂತಿದ್ದರು. "ಬಿಟ್ರೇನು?" ಅಂದರು. "ಬಿಟ್ರೀ" ಅಂದೆ. ಹೊರಟೆವು.

ಆಮೇಲೆ ಅವರು ಆ ಊರಿಗೆ ಕಾಲಿಡಲಿಲ್ಲ. ಗಣಿಯ ಊರು ಹಟ್ಟಿಗೋ ಮುದಗಲ್ಲಿಗೋ ಹೋಗುವುದಿದ್ದರೆ ಸುತ್ತು ಹಾಕಿ ಹೋಗುತ್ತಿದ್ದರು. ಗುರುಗುಂಟಾದ ದನಗಳನ್ನು ನಾನೊಬ್ಬನೇ ಹೋಗಿ ನೋಡುತ್ತಿದ್ದೆ. ಹೋರಿಯ ಸುದ್ದಿ ತರುತ್ತಿದ್ದೆ. ಸಂತೆಕಲ್ಲೂರಿನ ತನಕ ಹೋಗಿತ್ತಂತೆ, ಯಾರದೋ ತೊಗರಿ ಮೇಯ್ದಿತಂತೆ, ಇಂಥವರ ಆಕಳು ಗಬ್ಬವಂತೆ. ಅವರು "ಹೂಂ" ಅನ್ನುವರು. ಗೌಡಸಾನಿ ಹೇಗಿದ್ದಾರೆ ಅಂತ ಕೇಳಲಿಲ್ಲ. ಗೌಡಸಾನಿಯೂ ನನ್ನನ್ನು ಕೇಳಲಿಲ್ಲ. ಮಧ್ಯೆ ನಿಂತವನು ನಾನು. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೊಂದು ನಿಯಮ ಯಾಕೆ ಬೇಕು ಅಂತ. ಆದರೆ ಹೋರಿಯನ್ನು ಯಾರೂ ಮುಟ್ಟಲಿಲ್ಲ. ಹೊಸ ಸರ್ಕಾರಿ ಹೋರಿಯ ಜೊತೆ ಬಂದ ಇನ್ಸ್‌ಪೆಕ್ಟರ್ ಸಾಹೇಬ ಅದನ್ನು ನೋಡಿ ಕೇಳಿದಾಗ ಇಡೀ ಊರು, "ಸತ್ತವರ ಹೆಸರಿಂದು ರೀ, ದೇವರದು" ಅಂತು. ಇವರು ಇನ್ಸ್‌ಪೆಕ್ಟರ ಜೊತೆ ಇರಲಿಲ್ಲ, ಜಡ್ಡು ಅಂತ ಹೇಳಿ ಲಿಂಗಸುಗೂರಿನಲ್ಲೇ ಉಳಿದಿದ್ದರು.

ಕೆಲವು ವರ್ಷಗಳ ಮೇಲೆ ದೊಡ್ಡಬ್ಯಾನಿ ಮತ್ತೆ ಬಂತು. ಸಿಂಧನೂರಿನ ಕಡೆಯಿಂದ ಎದ್ದು ಮಸ್ಕಿಗೆ ಬಂದು, ಗುರುಗುಂಟಾವನ್ನು ಹೊಕ್ಕಿತು. ಹೊಸ ಹೋರಿಯ ಕರುಗಳು ಮತ್ತೆ ಮೊದಲು ಮಲಗಿದವು. ಒಂದು ದಿನ ಇವರು ತಾವಾಗಿಯೇ, "ನಡಿ, ಸೀಮಿತನಕ ಬರ್ತೀನಿ" ಅಂದರು. ಬಿಸಿಲಲ್ಲಿ ನಡೆದೆವು. ಕಲ್ಲಿನ ಆಚೆ ಅವರು ನಿಂತರು, ನಾನು ಊರೊಳಗೆ ಹೋದೆ. ಕೆಂಪು ಹೋರಿಯ ಕರುಗಳನ್ನು ಹಟ್ಟಿ ಹಟ್ಟಿಯಲ್ಲಿ ನೋಡಿದೆ. ಕೆಲವು ಸುಮ್ಮನೆ ಮೇಯುತ್ತಿದ್ದವು. ಕೆಲವು ಬಿದ್ದು, ಎಲುಬಿನ ಗೂಡಾಗಿ, ಎದ್ದು ನಿಂತಿದ್ದವು. ಹೋದವು ಕಡಿಮೆ. ಗೌಡಸಾನಿಯ ಹಟ್ಟಿಯಲ್ಲೂ ಹಾಗೇ. ಅವರು ಮುಪ್ಪಾಗಿದ್ದರು, ಧ್ವನಿ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ, "ಒಬ್ಬರೇ ಬಂದೀರೇನು?" ಅಂದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಅದೇ ಮೊದಲು.

"ಸೀಮಿತನಕ ಒಬ್ಬರು ಬಂದಾರ್ರೀ" ಅಂದೆ.

ಗೌಡಸಾನಿ ಒಳಗಿನಿಂದ ಒಂದು ಚೆಂಬು ನೀರು ತಂದರು. ಇನ್ನೊಂದು ಕೈಯಲ್ಲಿ ಜಡ್ಡಿನಿಂದ ಎದ್ದ ಒಂದು ಕೆಂಪು ಕರುವಿನ ಹಗ್ಗ ಹಿಡಿದರು. ಹಿರಿಯ ಮಗ ತಾನು ಹಿಡಿಯುತ್ತೇನೆ ಅಂದ, ಕೊಡಲಿಲ್ಲ. ಕರು ತಡವರಿಸುತ್ತಿತ್ತು, ಅವರೂ ತಡವರಿಸುತ್ತಿದ್ದರು. ಊರು ದಾಟಿ ಕಲ್ಲಿನ ತನಕ ಬಂದೆವು. ಡಾಕ್ಟರು ಅವರನ್ನು ಕಂಡು ಎದ್ದು ನಿಂತರು. ಗೌಡಸಾನಿ ಅವರ ಕಡೆ ನೋಡಲಿಲ್ಲ. ಕರುವನ್ನು ಕಲ್ಲಿನ ಹತ್ತಿರ ನಿಲ್ಲಿಸಿ, ಚೆಂಬನ್ನು ನೆಲದ ಮೇಲಿಟ್ಟು, ನನಗೆ ಹೇಳಿದರು: "ದಾರ್ಯಾಗ ಹೋಗೋರಿಗೆ ನೀರು ಇಟ್ಟೀನಿ." ಹೇಳಿ ಬೆನ್ನು ತಿರುಗಿಸಿ ನಿಂತರು. ಸತ್ತವರಿಗೆ ನೀರಿಟ್ಟವರು ನಿಲ್ಲುವುದೇ ಹಾಗೆ.

ಇವರು ಮೊಣಕಾಲೂರಿ ಕೂತು ಕರುವಿನ ತುಟಿ ಮಡಚಿದರು. ವಸಡಿನ ಮೇಲೆ ಬೆರಳಾಡಿಸಿದರು. "ಬಾಯಿ ಆರೇತಿ" ಅಂದರು.

"ಏನಂತಾರ?" ಅಂದರು ಗೌಡಸಾನಿ, ಆ ಕಡೆ ಮುಖ ಮಾಡಿಕೊಂಡೇ.

"ಬಾಯಿ ಆರೇತಂತ್ರೀ."

"ಬದುಕ್ತದಂತೇನು?"

ಇವರು ತಲೆಯಾಡಿಸಿದರು. "ಬದುಕ್ತದಂತ್ರೀ" ಅಂದೆ.

ಗೌಡಸಾನಿ ಹಗ್ಗ ಎಳೆದುಕೊಂಡು ಹೊರಡುತ್ತಾ, "ಅವರೂ ಬದುಕಲಿ ಅಂತ ಹೇಳ್ರಿ" ಅಂದರು.

ನಾನು ಹೇಳುವ ಅಗತ್ಯವಿರಲಿಲ್ಲ, ಇವರು ಪಕ್ಕದಲ್ಲೇ ಇದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಚೆಂಬು ಎತ್ತಿ ನೀರು ಕುಡಿಯುತ್ತಿದ್ದರು. ನೀರು ಮುಗಿಯಿತು. ಗೌಡಸಾನಿಯೂ ಕರುವೂ ಊರು ಸೇರಿ ಕಾಣದಾಗುವ ತನಕ ಅವರು ಆ ಖಾಲಿ ಚೆಂಬನ್ನು ಮುಖದಿಂದ ಇಳಿಸಲೇ ಇಲ್ಲ.